ಏಳು ಬಣ್ಣ, ಏಳು ಕುದುರೆ: ನ್ಯೂಟನ್ನನ 'ಆಪ್ಟಿಕ್ಸ್' ಗ್ರಂಥದ ಒಂದು ವಿಮರ್ಶೆ

ಕಾವ್ಯಪಾಠದಲ್ಲಿ ಸೂರ್ಯನಿಗೆ 'ಸಪ್ತಾಶ್ವ'ನೆಂಬ ಹೆಸರು ಬಂದಾಗಲೆಲ್ಲ ನಮ್ಮಲ್ಲಿ ಒಂದು ವ್ಯಾಖ್ಯಾನವು ಸಿದ್ಧವಾಗಿರುತ್ತದೆ. ಸೂರ್ಯನ ರಥಕ್ಕೆ ಹೂಡಿದ ಏಳು ಕುದುರೆಗಳೆಂದರೆ ಬಿಳಿಯ ಬೆಳಕಿನಲ್ಲಿ ಅಡಗಿರುವ ಏಳು ಬಣ್ಣಗಳೇ. ನ್ಯೂಟನ್ನನು ಗಾಜಿನ ಪಟ್ಟಕದಿಂದ ಕಂಡುದನ್ನು ನಮ್ಮ ಋಷಿಗಳು ಮೊದಲೇ ಕಂಡಿದ್ದರು ಎಂಬುದು ಅದರ ತಾತ್ಪರ್ಯ. ಕೇಳುವವರಿಗೆ ಇದರಿಂದ ಸಂತೋಷವಾಗುವುದು ಸಹಜ. ಈ ಲೇಖಕನೂ ಅಧ್ಯಾಪನದ ಮೊದಲ ವರ್ಷಗಳಲ್ಲಿ ಹೀಗೆಯೇ ಹೇಳಿ, ವಿದ್ಯಾರ್ಥಿಗಳ ಮುಖವರಳಿದುದನ್ನು ಕಂಡು ಹಿಗ್ಗಿದ್ದುಂಟು. ಆದರೆ ಈ ವಾದದಲ್ಲಿ ಸಾಕ್ಷಿಯಾಗಿ ನಿಲ್ಲಿಸಿರುವುದು ನ್ಯೂಟನ್ನನನ್ನು. ಸಾಕ್ಷಿಯ ಮಾತನ್ನು ಅವನ ಬಾಯಿಂದಲೇ ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಆದಕಾರಣ ಅವನ 'ಆಪ್ಟಿಕ್ಸ್' ಗ್ರಂಥವನ್ನು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದೆ.

ಈ ಗ್ರಂಥವು ೧೭೦೪ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇದರೊಳಗಿನ ಮುಖ್ಯ ಪ್ರಯೋಗಗಳು ಅದಕ್ಕೆ ಮೂವತ್ತು ವರ್ಷಗಳಿಗೂ ಹಿಂದಿನವು. ೧೬೭೨ರಲ್ಲಿ ನ್ಯೂಟನ್ನನು ರಾಯಲ್ ಸೊಸೈಟಿಗೆ ಬರೆದ ಪತ್ರವೊಂದರಲ್ಲಿ ಬಣ್ಣಗಳ ವಿಷಯವಾದ ತನ್ನ ಹೊಸ ಸಿದ್ಧಾಂತವನ್ನು ತಿಳಿಸಿದಾಗ ರಾಬರ್ಟ್ ಹುಕ್ಕನೇ ಮೊದಲಾದವರು ಅದನ್ನು ಬಲವಾಗಿ ಆಕ್ಷೇಪಿಸಿದರು. ವಾದವಿವಾದಗಳಿಗೆ ಸಿಕ್ಕಿಕೊಳ್ಳಲು ಮನಸ್ಸಿಲ್ಲದೆ ಮುದ್ರಣವನ್ನು ತಡಮಾಡಿದೆನೆಂದು ಮುನ್ನುಡಿಯಲ್ಲಿ ಅವನೇ ಒಪ್ಪಿಕೊಂಡಿರುವನು. ಹುಕ್ಕನು ೧೭೦೩ರಲ್ಲಿ ತೀರಿಕೊಂಡನು. ಮರುವರ್ಷವೇ ಗ್ರಂಥವು ಹೊರಬಂದಿತು. 'ಪ್ರಿನ್ಸಿಪಿಯ'ವನ್ನು ಲ್ಯಾಟಿನ್ನಿನಲ್ಲಿ ಬರೆದವನು ಇದನ್ನು ತನ್ನ ದೇಶಭಾಷೆಯಲ್ಲಿ ಬರೆದುದು ಗಮನಿಸತಕ್ಕ ಸಂಗತಿ. ಮೊದಲಿನದನ್ನು ಓದಲು ರೇಖಾಗಣಿತದಲ್ಲಿ ಪಾಂಡಿತ್ಯ ಬೇಕು. ಇದಕ್ಕೆ ಬೇಕಾದುದು ಕತ್ತಲೆಯ ಕೋಣೆ, ಒಂದೆರಡು ಪಟ್ಟಕಗಳು, ಬಹಳ ತಾಳ್ಮೆ.

ಕಿಟಕಿಯ ಕದದಲ್ಲಿ ಒಂದು ದುಂಡನೆಯ ರಂಧ್ರ; ಅದರಿಂದ ಬರುವ ಬಿಸಿಲಿಗೆ ಅಡ್ಡವಾಗಿ ಪಟ್ಟಕ; ಅದರಿಂದ ಹದಿನೆಂಟೂವರೆ ಅಡಿ ದೂರದಲ್ಲಿ ಸೂರ್ಯನ ಬಿಂಬ. ಅಂದು ಎಲ್ಲರೂ ಒಪ್ಪಿದ್ದ ವಕ್ರೀಭವನದ ನಿಯಮದಂತೆ, ಪಟ್ಟಕವನ್ನು ಅವನು ಇಟ್ಟ ಭಂಗಿಯಲ್ಲಿ, ಬಿಂಬವು ದುಂಡಗಿರಬೇಕಾಗಿತ್ತು. ಆದರೆ ಅದರ ಅಗಲವು ಎರಡಂಗುಲಕ್ಕಿಂತ ತುಸು ಹೆಚ್ಚು, ಉದ್ದವು ಹತ್ತೂಕಾಲು ಅಂಗುಲ! ಬಣ್ಣಗಳ ಚೆಲುವನ್ನು ನೋಡಿ ಮೆಚ್ಚಿದವರು ಅವನಿಗಿಂತ ಮುಂಚೆ ಎಷ್ಟೋ ಮಂದಿ. ಅವನ ಮನಸ್ಸನ್ನು ಕೆರಳಿಸಿದುದು ಆ ಉದ್ದ. ಬೆಳಕೆಲ್ಲವೂ ಒಂದೇ ಅಳತೆಯಲ್ಲಿ ಬಾಗುವುದಿಲ್ಲ, ಕೆಂಪು ಕಡಿಮೆಯಾಗಿಯೂ ನೇರಳೆ ಹೆಚ್ಚಾಗಿಯೂ ಬಾಗುತ್ತವೆ ಎಂಬ ನಿರ್ಣಯವು ಆ ಹತ್ತೂಕಾಲು ಅಂಗುಲದಿಂದ ಹುಟ್ಟಿತು.

ಗದ್ಯವೆಂಬ ದೃಷ್ಟಿಯಿಂದ ಈ ಭಾಗಗಳನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ಗಾಜಿನೊಳಗೆ ಗುಳ್ಳೆಯಾಗಲಿ ನಾಳವಾಗಲಿ ಇರಬಾರದು, ಮುಖಗಳು ಸಮವಾಗಿರಬೇಕು, ಮೆರುಗು ಹೀಗಿರಬೇಕು ಎಂದು ಅವನು ಹೇಳುವಾಗ ಓದುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೈಗೆ ಗಾಜನ್ನು ಕೊಟ್ಟಂತೆ ಆಗುತ್ತದೆ. ನನ್ನನ್ನು ನಂಬು ಎನ್ನುವ ಮಾತಿಲ್ಲ. ನೀನೂ ಮಾಡಿ ನೋಡು ಎಂಬುದೇ ಎಲ್ಲ ಕಡೆಯ ಧ್ವನಿ. ಬೆಳಕಿನ ಗುಣಗಳನ್ನು ಊಹೆಗಳಿಂದಲ್ಲ, ಯುಕ್ತಿ ಮತ್ತು ಪ್ರಯೋಗಗಳಿಂದ ಸ್ಥಾಪಿಸುವೆನೆಂದು ಮೊದಲ ಪುಟದಲ್ಲಿಯೇ ಅವನು ಮಾಡಿದ ಪ್ರತಿಜ್ಞೆಗೆ ಈ ಶೈಲಿಯು ತಕ್ಕುದಾಗಿದೆ.

ಹೀಗಿರುವಲ್ಲಿ ಏಳೆಂಬ ಸಂಖ್ಯೆಯು ಎಲ್ಲಿಂದ ಬಂದಿತು? ೧೬೭೨ರ ಪತ್ರವನ್ನು ನೋಡಿದರೆ ಅಲ್ಲಿ ಕೆಂಪು, ಹಳದಿ, ಹಸುರು, ನೀಲಿ, ನೇರಳೆ ಎಂಬ ಐದನ್ನು ಮೊದಲು ಹೇಳಿ, ಕಿತ್ತಳೆ, ಊದಾ ಎಂಬೆರಡನ್ನು ಅವುಗಳ ಜೊತೆಗೆ ಸೇರಿಸಿ, ನಡುನಡುವೆ ಇರುವ ಛಾಯೆಗಳಿಗೆ ಮಿತಿಯಿಲ್ಲವೆಂದು ಮುಗಿಸಿದ್ದಾನೆ. 'ಆಪ್ಟಿಕ್ಸ್' ಗ್ರಂಥದಲ್ಲಾದರೋ ಏಳು ಸ್ಥಿರವಾಗಿದೆ. ವರ್ಣಪಟಲವನ್ನು ಕಾಗದದ ಮೇಲೆ ಬೀಳಿಸಿ, ಬಣ್ಣಗಳನ್ನು ಗುರುತಿಸುವುದರಲ್ಲಿ ತನಗಿಂತ ಸೂಕ್ಷ್ಮವಾದ ಕಣ್ಣುಳ್ಳ ಸಹಾಯಕನೊಬ್ಬನಿಂದ ಎಲ್ಲೆಗಳಿಗೆ ಗೆರೆ ಎಳೆಸಿದೆನೆಂದೂ, ಆ ಗೆರೆಗಳು ತಂತಿಯ ಮೇಲಿನ ಸಪ್ತಸ್ವರಗಳ ಸ್ಥಾನಗಳಂತೆ ಬಿದ್ದವೆಂದೂ ಅವನು ಬರೆಯುತ್ತಾನೆ. ತಂತಿಯ ಪೂರ್ಣ ಉದ್ದವನ್ನು ಒಂದೆಂದು ಹಿಡಿದರೆ ಒಂಬತ್ತರಲ್ಲಿ ಎಂಟು ಪಾಲು, ಆರರಲ್ಲಿ ಐದು, ನಾಲ್ಕರಲ್ಲಿ ಮೂರು, ಮೂರರಲ್ಲಿ ಎರಡು, ಐದರಲ್ಲಿ ಮೂರು, ಹದಿನಾರರಲ್ಲಿ ಒಂಬತ್ತು, ಕೊನೆಗೆ ಅರ್ಧ. ವೀಣೆಯನ್ನು ಬಲ್ಲ ವಾಚಕರು ಲೆಕ್ಕಹಾಕಿ ನೋಡಬಹುದು. ನಮ್ಮ ಪದ್ಧತಿಯಲ್ಲಿ ಈ ಸ್ವರಗಳು ಖರಹರಪ್ರಿಯ ಮೇಳಕ್ಕೆ ಹೊಂದುತ್ತವೆ. ಆ ಮೇಳದಲ್ಲಿ ಎರಡೆಡೆಗಳಲ್ಲಿ ಮಾತ್ರ ಸ್ವರಗಳ ಅಂತರವು ಕಿರಿದು: ರಿಷಭಕ್ಕೂ ಗಾಂಧಾರಕ್ಕೂ ನಡುವೆ, ಧೈವತಕ್ಕೂ ನಿಷಾದಕ್ಕೂ ನಡುವೆ. ನ್ಯೂಟನ್ನನ ಹಂಚಿಕೆಯಲ್ಲಿ ಮೊದಲ ಇಕ್ಕಟ್ಟಿನಲ್ಲಿ ಕುಳಿತಿರುವುದು ಊದಾ, ಎರಡನೆಯದರಲ್ಲಿ ಕಿತ್ತಳೆ. ಎಂದರೆ, ಹಿಂದೆ ಐದರ ಜೊತೆಗೆ ಸೇರಿಸಿದ್ದ ಆ ಎರಡೇ ಬಣ್ಣಗಳು. ಸ್ವರಾಷ್ಟಕವನ್ನು ತುಂಬಲು ಎರಡು ಅರ್ಧಸ್ವರಗಳು ಬೇಕಾಗಿದ್ದವು. ಎರಡು ಬಣ್ಣಗಳು ದೊರೆತವು. ಇದನ್ನು ಅಳತೆಯೆನ್ನುವುದಕ್ಕಿಂತ ಅಳತೆಯ ವೇಷ ತೊಟ್ಟ ಊಹೆಯೆನ್ನುವುದೇ ಸರಿ. ಮೊದಲ ಪುಟದ ಪ್ರತಿಜ್ಞೆಯು ಇಲ್ಲಿ ಮುರಿದಿದೆ.

ವರ್ಣಪಟಲದಲ್ಲಿ ಬಣ್ಣದಿಂದ ಬಣ್ಣಕ್ಕೆ ಎಲ್ಲೆಯೆಂಬುದಿಲ್ಲ. ಕಿತ್ತಳೆ, ನೇರಳೆಗಳಿಗೆ ಕನ್ನಡದಲ್ಲಿ ಹಣ್ಣುಗಳ ಹೆಸರನ್ನೇ ಎರವಲು ತರಬೇಕಾಯಿತು. ಇನ್ನು ಇಂಗ್ಲಿಷಿನವರ 'ಇಂಡಿಗೊ' ಎಂಬುದು ನಮ್ಮ ನೀಲಿಯ ಗಿಡದಿಂದ ತೆಗೆದ ಬಣ್ಣವೇ ಆದುದರಿಂದ, ನೀಲಿಯ ಪಕ್ಕದಲ್ಲಿ ಮತ್ತೊಂದು ನೀಲಿಯನ್ನು ತೋರಿಸಲು ಹೋಗಿ ಉಪಾಧ್ಯಾಯರು ಪಡುವ ಪಾಡು ಎಲ್ಲರಿಗೂ ತಿಳಿದದ್ದೇ. ಬೆಳಕಿನಲ್ಲಿ ನಿಜವಾದ ಗುರುತುಗಳು ದೊರೆತುದು ಬಹಳ ಕಾಲದ ಮೇಲೆ. ೧೮೧೪ರ ಸುಮಾರಿಗೆ ಮಸೂರಗಳ ತಯಾರಿಕೆಯಲ್ಲಿ ನಿಪುಣನಾದ ಫ್ರೌನ್‌ಹೋಫರನು ಸೂರ್ಯನ ವರ್ಣಪಟಲಕ್ಕೆ ಅಡ್ಡಲಾಗಿ ನಿಂತ ನೂರಾರು ಕಪ್ಪು ಗೆರೆಗಳನ್ನು ಗುರುತಿಸಿದನು. ಅಂದಿನಿಂದ ಗಾಜಿನ ಗುಣವನ್ನು ಅಳೆಯುವವರು ಬಣ್ಣಗಳ ಹೆಸರುಗಳನ್ನು ಬಿಟ್ಟು ಗೆರೆಗಳನ್ನು ನಂಬಿದರು.

ಇನ್ನು ಕುದುರೆಗಳ ಕಡೆಗೆ ತಿರುಗೋಣ. ಅಮರಸಿಂಹನು ಸೂರ್ಯನ ಹೆಸರುಗಳಲ್ಲಿ 'ಸಪ್ತಾಶ್ವ', 'ಹರಿದಶ್ವ' ಎಂಬೆರಡನ್ನೂ ಒತ್ತೊತ್ತಾಗಿಯೇ ಇಟ್ಟಿದ್ದಾನೆ. ಋಗ್ವೇದದ ಮೊದಲನೆಯ ಮಂಡಲದಲ್ಲಿಯೂ ಸೂರ್ಯನನ್ನು ಹೊರುವ ಏಳಕ್ಕೂ 'ಹರಿತ್' ಎಂಬುದೇ ಹೆಸರು. ಹರಿತ್ ಎಂಬುದನ್ನು ಹಸುರೆಂದರೂ ಸರಿ, ಹೊಂಬಣ್ಣವೆಂದರೂ ಸರಿ, ಅದು ಒಂದೇ ಬಣ್ಣ. ಏಳೂ ಒಂದೇ ಬಣ್ಣದ ಕುದುರೆಗಳು ವರ್ಣಪಟಲವಾಗುವುದು ಹೇಗೆ? ಅದೇ ಮಂಡಲದ ಮತ್ತೊಂದು ಸೂಕ್ತದಲ್ಲಿ ರಥವನ್ನೆಳೆಯುವುದು ಏಳು ಹೆಸರುಳ್ಳ ಒಂದೇ ಕುದುರೆ. ಸಂಪ್ರದಾಯವು ಈ ಏಳಕ್ಕೆ ತಾನೇ ಅರ್ಥ ಹೇಳಿರುವುದನ್ನು ನಾವು ಮರೆತಿರುವುದಂತೂ ಇನ್ನೂ ಸೋಜಿಗ. ವಿಷ್ಣುಪುರಾಣದ ಪ್ರಕಾರ ಅವು ಗಾಯತ್ರಿ, ಬೃಹತಿ, ಉಷ್ಣಿಕ್, ಜಗತಿ, ತ್ರಿಷ್ಟುಪ್, ಅನುಷ್ಟುಪ್, ಪಂಕ್ತಿ ಎಂಬ ಏಳು ಛಂದಸ್ಸುಗಳು. ಪುರಾಣದ ಏಳು ಛಂದಸ್ಸಿನಿಂದ ಬಂದಿತು, ನ್ಯೂಟನ್ನನ ಏಳು ಸಂಗೀತದಿಂದ ಬಂದಿತು. ಎರಡೂ ಕಿವಿಯ ಏಳು, ಕಣ್ಣಿನದಲ್ಲ.

ನಮ್ಮವರು ಬೆಳಕನ್ನು ಗಮನಿಸಿಯೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಬೃಹತ್ಸಂಹಿತೆಯಲ್ಲಿ ವರಾಹಮಿಹಿರನು, ಸೂರ್ಯನ ಬಗೆಬಗೆಯ ಬಣ್ಣದ ಕಿರಣಗಳು ಗಾಳಿಯಿಂದ ಚದರಿ ಮೋಡ ಕವಿದ ಆಕಾಶದಲ್ಲಿ ಬಿಲ್ಲಿನಾಕಾರವಾಗಿ ಕಾಣುವುದೇ ಇಂದ್ರಧನುಸ್ಸೆಂದು ಹೇಳುತ್ತಾನೆ. ಗಾಳಿಯ ಮಾತು ಇಂದು ನಿಲ್ಲುವುದಿಲ್ಲ. ಆದರೆ ಬಣ್ಣಗಳು ಸೂರ್ಯಕಿರಣಕ್ಕೇ ಸೇರಿದವು ಎಂಬ ಭಾವವು ಅಲ್ಲಿರುವುದನ್ನು ಅಲ್ಲಗಳೆಯಲಾಗದು. ಏಳೆಂಬ ಎಣಿಕೆಯಂತೂ ಅಲ್ಲಿಲ್ಲ. ಹೆಮ್ಮೆಪಡಬೇಕಾದ ಈ ವಾಕ್ಯವನ್ನು ಬಿಟ್ಟು ಕುದುರೆಗಳ ಹಿಂದೆ ಓಡುವವರಿಂದ ವೇದಕ್ಕೂ ಉಪಕಾರವಿಲ್ಲ, ಭೌತಶಾಸ್ತ್ರಕ್ಕೂ ಇಲ್ಲ.

ಏಳರ ವಿಷಯದಲ್ಲಿ ಎಡವಿದ ಮಾತ್ರಕ್ಕೆ ಗ್ರಂಥದ ಬೆಲೆ ಕುಂದಿತೆನ್ನಲಾಗದು. ಎರಡನೆಯ ಭಾಗವನ್ನು ನೋಡಬೇಕು. ಅಲ್ಪವಾಗಿ ಉಬ್ಬಿದ ಮಸೂರವನ್ನು ಸಮತಲವಾದ ಗಾಜಿನ ಮೇಲಿಟ್ಟರೆ ನಡುವೆ ಕಪ್ಪು ಚುಕ್ಕೆಯೂ ಸುತ್ತಲೂ ಬಣ್ಣದ ಉಂಗುರಗಳೂ ಕಾಣುತ್ತವೆ. ಮೊದಲನೆಯ ಉಂಗುರವು ಅತ್ಯಂತ ಉಜ್ಜ್ವಲವಾಗಿರುವಲ್ಲಿ ಎರಡು ಗಾಜುಗಳ ನಡುವಣ ಗಾಳಿಯ ಪದರವು ಒಂದು ಅಂಗುಲದ ೧,೭೮,೦೦೦ದಲ್ಲಿ ಒಂದು ಪಾಲೆಂದು ನ್ಯೂಟನ್ನನು ಲೆಕ್ಕ ಹಾಕಿದನು. ಬೆಳಕು ಅಲೆಯೆಂದು ಅವನು ಒಪ್ಪಲಿಲ್ಲ; ಕಿರಣಕ್ಕೆ ಹಾಯುವ ಸರದಿಯೂ ಹಿಂದಿರುಗುವ ಸರದಿಯೂ ಒಂದಾದ ಮೇಲೊಂದು ಬರುವುವೆಂದು ಮಾತ್ರ ಹೇಳಿ ಸುಮ್ಮನಾದನು. ಸುಮಾರು ನೂರು ವರ್ಷಗಳ ಮೇಲೆ ಥಾಮಸ್ ಯಂಗನು ಅಲೆಯ ವಾದವನ್ನು ಎತ್ತಿಹಿಡಿದಾಗ ಬೇರೆ ಬೇರೆ ಬಣ್ಣಗಳ ಅಲೆಯ ಉದ್ದವನ್ನು ತೆಗೆದುದು ನ್ಯೂಟನ್ನನ ಈ ಅಳತೆಗಳಿಂದಲೇ! ಆ ಪದರದ ನಾಲ್ಕರಷ್ಟನ್ನು ತೆಗೆದರೆ ಒಂದು ಮಿಲಿಮೀಟರಿನ ೦.೦೦೦೫೭ ಭಾಗವಾಗುತ್ತದೆ; ಹಳದಿಯ ಬೆಳಕಿಗೆ ಇಂದೂ ಹೇಳುವ ಅಲೆಯುದ್ದ ಅದೇ. ಎದುರಾಳಿಯ ಕೈಗೆ ಆಯುಧವಾಗುವಷ್ಟು ಪ್ರಾಮಾಣಿಕವಾದ ಅಳತೆ ಅದು. ಮಸೂರದ ಮೈ ಸರಿಯಾಗಿದೆಯೇ ಎಂದು ಕುಶಲಕರ್ಮಿಗಳು ಪರೀಕ್ಷಿಸುವುದು ಇದೇ ಉಂಗುರಗಳಿಂದ. ಕನ್ನಡಕದ ಗಾಜಿನ ಹೊಳಪನ್ನಡಗಿಸಲು ಅದರ ಮೇಲೆ ಅಲೆಯುದ್ದದ ಕಾಲುಭಾಗದಷ್ಟು ದಪ್ಪದ ಪದರವನ್ನು ಲೇಪಿಸುವುದೂ ಇದೇ ತತ್ತ್ವದಿಂದ.

ದೂರದರ್ಶಕದ ವಿಷಯದಲ್ಲಿ ಮಾತ್ರ ಅವನ ಆತುರವು ಅನ್ಯರಿಗೆ ನಷ್ಟವನ್ನುಂಟುಮಾಡಿತು. ಮಸೂರವು ಬಿಂಬದ ಅಂಚಿಗೆ ಬಣ್ಣ ಕಟ್ಟುವ ದೋಷವನ್ನು ಕಂಡು ಅವನು ೧೬೬೮ರಲ್ಲಿ ಕನ್ನಡಿಯ ದೂರದರ್ಶಕವನ್ನು ಮಾಡಿದನು. ಇಂದಿನ ದೊಡ್ಡ ದೂರದರ್ಶಕಗಳೆಲ್ಲ ಕನ್ನಡಿಯವೇ ಆಗಿರುವುದರಿಂದ ಅದಕ್ಕಾಗಿ ಅವನನ್ನು ವಂದಿಸಲೇಬೇಕು. ಆದರೆ ನೀರಿನೊಳಗೆ ಗಾಜಿನ ಪಟ್ಟಕವನ್ನಿಟ್ಟು ಮಾಡಿದ ಒಂದು ಪ್ರಯೋಗವನ್ನು ನೆಚ್ಚಿ, ಕಿರಣದ ಬಾಗು ಹೋದರೆ ಬಣ್ಣವೂ ಹೋಗುವುದು, ಆದುದರಿಂದ ಮಸೂರದ ದೋಷಕ್ಕೆ ಪರಿಹಾರವೇ ಇಲ್ಲವೆಂದು ತೀರ್ಮಾನಿಸಿದನು. ಆ ಪ್ರಯೋಗವನ್ನು ೧೭೫೭ರಲ್ಲಿ ಜಾನ್ ಡಾಲೆಂಡನು ಮತ್ತೆ ಮಾಡಿ ನೋಡಿದಾಗ ಬಾಗು ಹೋದರೂ ಬಣ್ಣವು ಉಳಿದಿತ್ತು. ಎರಡು ಬಗೆಯ ಗಾಜುಗಳನ್ನು ಜೋಡಿಸಿ ಬಣ್ಣವಿಲ್ಲದ ಮಸೂರವನ್ನು ಮಾಡಬಹುದೆಂದು ಅವನು ೧೭೫೮ರಲ್ಲಿ ತೋರಿಸಿದನು. ಚೆಸ್ಟರ್ ಮೂರ್ ಹಾಲನು ಅದಕ್ಕೂ ಇಪ್ಪತ್ತು ವರ್ಷಗಳಿಗೆ ಹಿಂದೆಯೇ ಅಂತಹುದನ್ನು ಮಾಡಿದ್ದನು, ಪ್ರಕಟಿಸಿರಲಿಲ್ಲ. ನೀನೂ ಮಾಡಿ ನೋಡು ಎಂದವನ ಮಾತನ್ನು ಅಷ್ಟು ಕಾಲ ಹೆಚ್ಚು ಮಂದಿ ಮಾಡಿ ನೋಡದೆಯೇ ನಂಬಿದ್ದರು.

ಗ್ರಂಥದ ಕೊನೆಯು ಅಪೂರ್ಣವಾಗಿದೆ. ಕೂದಲಿನ ನೆರಳು ಇರಬೇಕಾದುದಕ್ಕಿಂತ ಅಗಲವಾಗಿ ಬೀಳುವುದನ್ನು ಅಳೆಯುತ್ತ ಹೋದವನು ಇದ್ದಕ್ಕಿದ್ದಂತೆ ನಿಲ್ಲಿಸಿ, ನಡುವೆ ಅಡ್ಡಿಯೊದಗಿತು, ಈಗ ಮತ್ತೆ ಅದನ್ನು ಕೈಗೊಳ್ಳಲಾರೆನೆಂದು ತಿಳಿಸಿ, ಉಳಿದುದನ್ನು ಬರಿಯ ಪ್ರಶ್ನೆಗಳ ರೂಪದಲ್ಲಿ ಮುಂದಿನವರಿಗೆ ಒಪ್ಪಿಸುತ್ತಾನೆ. ಮೊದಲ ಮುದ್ರಣದಲ್ಲಿ ಪ್ರಶ್ನೆಗಳು ಹದಿನಾರು, ೧೭೦೬ರ ಲ್ಯಾಟಿನ್ ಭಾಷಾಂತರದಲ್ಲಿ ಇಪ್ಪತ್ತಮೂರು, ಮುಂದೆ ಮೂವತ್ತೊಂದು. ಮೊದಲ ಹದಿನಾರರಲ್ಲಿ ಹದಿನಾಲ್ಕನೆಯದನ್ನು ಸಪ್ತಾಶ್ವದ ವ್ಯಾಖ್ಯಾನಕಾರರು ಓದಬೇಕು. ಧ್ವನಿಗಳ ಮೇಳವು ಗಾಳಿಯ ಕಂಪನಗಳ ಪ್ರಮಾಣದಿಂದ ಹುಟ್ಟುವಂತೆ ಬಣ್ಣಗಳ ಮೇಳವೂ ಕಣ್ಣಿನ ನರಗಳಲ್ಲಿ ಹರಿಯುವ ಕಂಪನಗಳ ಪ್ರಮಾಣದಿಂದ ಹುಟ್ಟಿರಬಾರದೇಕೆ, ಎಂದು ಅಲ್ಲಿ ಕೇಳಿದ್ದಾನೆ. ಮೊದಲ ಭಾಗದಲ್ಲಿ ಗೆರೆ ಎಳೆಸಿ ಅಳತೆಯೆಂದು ಕೊಟ್ಟ ಸಂಗೀತದ ಸಾಮ್ಯವು ಇಲ್ಲಿ ಕೇವಲ ಸಂದೇಹವಾಗಿ ನಿಂತಿದೆ.