ಸಣ್ಣ ತೂತು, ದೊಡ್ಡ ಮಾತು

ಕೆಲವು ಗಂಡುಮಕ್ಕಳಿಗೆ ಹುಟ್ಟುವಾಗಲೇ ಮೂತ್ರದ ದಾರಿಗೆ ಅಡ್ಡಲಾಗಿ ಒಂದು ತೆಳ್ಳನೆಯ ಪೊರೆ ಇರುತ್ತದೆ. ವೈದ್ಯರ ಬಾಯಲ್ಲಿ ಅದು ‘ವಾಲ್ವ್’. ಪೊರೆ ತೆಳುವಾದರೂ ಅದರ ಹಿಂದೆ ಕಟ್ಟಿಕೊಂಡ ಮೂತ್ರದ ಒತ್ತಡ ಸಾಮಾನ್ಯದ್ದಲ್ಲ. ಮಗು ಗರ್ಭದಲ್ಲಿರುವಾಗಲೇ ಅದು ಮೂತ್ರಕೋಶವನ್ನು ಗಡುಸಾಗಿಸಿ ಎರಡೂ ಕಿಡ್ನಿಗಳನ್ನು ಕೆಡಿಸಬಲ್ಲದು. ಇದಕ್ಕೀಗ ಹೊಟ್ಟೆ ಕೊಯ್ಯುವುದಿಲ್ಲ. ಮೂರು ಮಿಲಿಮೀಟರ್ ಆಸುಪಾಸಿನ ಸಿಸ್ಟೋಸ್ಕೋಪ್ ಎಂಬ ನೋಡುವ ನಳಿಕೆಯನ್ನು ಮೂತ್ರದ ದಾರಿಯಲ್ಲೇ ಒಳಗೆ ಬಿಟ್ಟು, ಪೊರೆಯನ್ನು ಕಣ್ಣಾರೆ ಕಂಡು, ಸುಟ್ಟೋ ಕತ್ತರಿಸಿಯೋ ದಾರಿ ಬಿಡಿಸುತ್ತಾರೆ. ಮೈಮೇಲೆ ಒಂದು ಗೀರೂ ಇಲ್ಲ. ಮಕ್ಕಳ ಮೂತ್ರರೋಗಗಳಲ್ಲಿ ‘ಕಡಿಮೆ ಗಾಯದ ಶಸ್ತ್ರಚಿಕಿತ್ಸೆ’ ಎಂಬ ಮಾತಿಗೆ ಯಾವ ತಕರಾರೂ ಇಲ್ಲದೆ ಒಪ್ಪುವಂಥದ್ದು ಇದೊಂದು.

ಇದೇ ಮೆಚ್ಚುಗೆಯನ್ನು ಕೀಹೋಲ್, ರೋಬೋ, ಇಂಜೆಕ್ಷನ್ ಎಲ್ಲಕ್ಕೂ ಸಾರಾಸಗಟಾಗಿ ಹಂಚುತ್ತಿರುವುದು ನನಗೆ ಒಪ್ಪಿಗೆಯಿಲ್ಲ. ಗಾಯದ ಅಳತೆಯನ್ನೇ ಚಿಕಿತ್ಸೆಯ ಗುಣ ಎಂದುಕೊಂಡರೆ ನಷ್ಟ ಮಗುವಿಗೆ.

ಪೈಲೋಪ್ಲಾಸ್ಟಿ ಎಂಬ ಕಿಡ್ನಿಯ ಆಪರೇಷನ್ನನ್ನೇ ನೋಡಿ. ಬಸುರಿನ ಐದನೇ ತಿಂಗಳ ಸ್ಕ್ಯಾನಿನಲ್ಲಿ ‘ಮಗುವಿನ ಕಿಡ್ನಿ ಊದಿಕೊಂಡಿದೆ’ ಎಂದು ಬರೆದಿದ್ದೇ ತಡ, ಮನೆಯವರ ನಿದ್ದೆ ಹಾರಿಹೋಗುತ್ತದೆ. ಹಾಗೆ ಊದಿಕೊಂಡವುಗಳಲ್ಲಿ ಬಹುಪಾಲು ತಾವಾಗಿಯೇ ಇಳಿಯುತ್ತವೆ. ಇಳಿಯದ ಕೆಲವರಲ್ಲಿ ಕಿಡ್ನಿಯಿಂದ ಮೂತ್ರನಾಳ ಹೊರಡುವ ಜಾಗವೇ ಇಕ್ಕಟ್ಟಾಗಿರುತ್ತದೆ. ಆ ಇಕ್ಕಟ್ಟನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಅಗಲವಾಗಿ ಸೇರಿಸಿ ಹೊಲಿಯುವ ವಿಧಾನವನ್ನು ಆಂಡರ್ಸನ್ ಮತ್ತು ಹೈನ್ಸ್ ಎಂಬ ಬ್ರಿಟಿಷ್ ಸರ್ಜನ್ನರು 1949ರಲ್ಲಿ ಪ್ರಕಟಿಸಿದರು. ಇಂದಿಗೂ ಒಳಗೆ ನಡೆಯುವುದು ಅದೇ ಕೆಲಸ, ಬದಲಾದದ್ದು ಒಳಗೆ ಹೋಗುವ ಬಾಗಿಲು ಮಾತ್ರ. ದೊಡ್ಡವರಲ್ಲಿ 1993ರ ಹೊತ್ತಿಗೆ, ಮಕ್ಕಳಲ್ಲಿ 1995ರ ಹೊತ್ತಿಗೆ ಲ್ಯಾಪ್ರೊಸ್ಕೋಪಿ, ಅಂದರೆ ಕೀಹೋಲ್, ಬಂತು. 2000ದ ನಂತರ ರೋಬೋ ಸೇರಿಕೊಂಡಿತು. ರೋಬೋ ಎಂದರೆ ಯಂತ್ರವೇ ಆಪರೇಷನ್ ಮಾಡುತ್ತದೆ ಎಂದು ನಂಬಿದ ತಂದೆತಾಯಿಗಳಿದ್ದಾರೆ. ಮಾಡುವುದು ಕನ್ಸೋಲಿನ ಮುಂದೆ ಕೂತ ಸರ್ಜನ್ನೇ. ಯಂತ್ರದ ಮಣಿಕಟ್ಟು ಎಲ್ಲ ಕಡೆಗೂ ಹೊರಳುವುದರಿಂದ ಹೊಲಿಗೆ ಸಲೀಸಾಗುತ್ತದೆ, ಆ ಅನುಕೂಲ ನಿಜ.

ಹತ್ತು ವರ್ಷದ ಹುಡುಗನಿಗಾದರೆ ಕೀಹೋಲಿಗೇ ನನ್ನ ಓಟು. ಆ ವಯಸ್ಸಿನಲ್ಲಿ ಪಕ್ಕೆಯ ಸ್ನಾಯು ಕೊಯ್ದರೆ ನೋವು ಕಡಿಮೆಯದಲ್ಲ. ಲ್ಯಾಪ್ರೊಸ್ಕೋಪಿಯಲ್ಲಿ ನೋವಿನ ಔಷಧ ಕಡಿಮೆ ಸಾಕು, ಹುಡುಗ ಬೇಗ ಮನೆ ಸೇರುತ್ತಾನೆ. ನಾಲ್ಕು ತಿಂಗಳ ಹಸುಗೂಸಿನ ಮಾತೇ ಬೇರೆ. ಓಪನ್ ಆಪರೇಷನ್ನಿಗೂ ಅಲ್ಲಿ ಬೇಕಾಗುವುದು ಒಂದಿಂಚಿನ ಆಸುಪಾಸಿನ ಗಾಯ. ಬೆನ್ನಿನ ಕಡೆಯಿಂದ ಹೋದರೆ ಸ್ನಾಯು ಕೊಯ್ಯದೆ ಸರಿಸಿಯೇ ಕಿಡ್ನಿ ಮುಟ್ಟಬಹುದು. ಕೀಹೋಲಿನ ಮೂರ್ನಾಲ್ಕು ತೂತುಗಳನ್ನು ಸಾಲಾಗಿ ಜೋಡಿಸಿದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ದೊಡ್ಡವರ ಮೈಗೆಂದು ತಯಾರಾದ ರೋಬೋ ಉಪಕರಣಗಳ ದಪ್ಪ ಎಂಟು ಮಿಲಿಮೀಟರ್. ಒಳಗಿನ ಜಾಗವೋ ತೀರ ಕಡಿಮೆ. ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿಸೋಣವೆಂದರೆ ಕೂಸಿನ ಉಸಿರಾಟಕ್ಕೆ ತೊಂದರೆಯಾಗದಂತೆ ಒತ್ತಡವನ್ನು 8–10 ಮಿಲಿಮೀಟರ್ ಪಾದರಸದಲ್ಲೇ ಹಿಡಿದಿಡಬೇಕು. ಅಷ್ಟರಲ್ಲೇ ಕೂದಲೆಳೆಯಂಥ ದಾರದಿಂದ, ಕೆಲವೇ ಮಿಲಿಮೀಟರ್ ಅಗಲದ ನಾಳವನ್ನು ಸೋರದಂತೆ ಹೊಲಿಯಬೇಕು. ಪಳಗಿದ ಕೈಗಳು ಇದನ್ನು ಸೊಗಸಾಗಿ ಮಾಡುತ್ತವೆ, ಆದರೆ ಸಮಯ ಹೆಚ್ಚು ಹಿಡಿಯುತ್ತದೆ. ಒಳ್ಳೆಯ ಕೇಂದ್ರಗಳಲ್ಲಿ ಓಪನ್, ಕೀಹೋಲ್ ಎರಡರ ಯಶಸ್ಸೂ ಶೇ. 90ಕ್ಕಿಂತ ಮೇಲೆಯೇ ಇದೆ. ಹಾಗಿರುವಾಗ ಹಸುಗೂಸಿಗೆ ಓಪನ್ ಮಾಡುವ ಸರ್ಜನ್ನರನ್ನು ಹಳೇ ಕಾಲದವರೆಂದು ಮೂಗುಮುರಿಯುವುದು ಅನ್ಯಾಯ.

ಆಸ್ಪತ್ರೆಗಳ ಕರಪತ್ರಗಳು ಹೇಳದ ಇನ್ನೊಂದು ಸಂಗತಿ ಸ್ಟೆಂಟ್. ಹೊಲಿಗೆ ಮಾಯುವ ತನಕ ಕಿಡ್ನಿಯಿಂದ ಮೂತ್ರಕೋಶದವರೆಗೆ ಡಿಜೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಡುತ್ತಾರೆ. ನಾಲ್ಕಾರು ವಾರದ ಮೇಲೆ ಅದನ್ನು ತೆಗೆಯಬೇಕು. ದೊಡ್ಡವರಿಗಾದರೆ ಜೆಲ್ ಹಚ್ಚಿ ಎಚ್ಚರವಿದ್ದಾಗಲೇ ತೆಗೆಯುತ್ತಾರೆ, ಮಗುವಿಗೆ ಸಾಮಾನ್ಯವಾಗಿ ಮತ್ತೆ ಅರಿವಳಿಕೆ ಬೇಕು. ಓಪನ್ ಮಾಡುವ ಕೆಲವರು ಕೊಳವೆಯ ತುದಿಯನ್ನು ಚರ್ಮದ ಹೊರಗೇ ಬಿಟ್ಟು ಒಪಿಡಿಯಲ್ಲೇ ಎಳೆದು ತೆಗೆಯುತ್ತಾರೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಪದೇಪದೇ ಕೊಡುವ ಅರಿವಳಿಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಸಿತು. ಒಂದು ಗಂಟೆಯೊಳಗಿನ ಒಂದು ಬಾರಿಯ ಅರಿವಳಿಕೆಯಿಂದ ಬುದ್ಧಿ ಬೆಳವಣಿಗೆಗೆ ಕುಂದಿಲ್ಲವೆಂದು 2019ರ ಅಧ್ಯಯನವೊಂದು ಸಮಾಧಾನ ಹೇಳಿತು. ಹೆದರಬೇಕಿಲ್ಲ. ಆದರೆ ಗಾಯದ ಉದ್ದ ಅಳೆಯುವವರು ಅರಿವಳಿಕೆಯ ಗಂಟೆಗಳನ್ನೂ ಎಣಿಸಬೇಕಲ್ಲ!

ಮೂತ್ರ ಕಿಡ್ನಿಯತ್ತ ವಾಪಸು ಹರಿಯುವ ರಿಫ್ಲಕ್ಸ್ ತೊಂದರೆಯಲ್ಲಿ ನನ್ನ ಆಕ್ಷೇಪ ಇನ್ನೂ ಗಟ್ಟಿ. ಡಬ್ಲಿನ್‌ನ ಓಡಾನೆಲ್ ಮತ್ತು ಪ್ರೇಮ್ ಪುರಿ 1984ರಲ್ಲಿ ಸಿಸ್ಟೋಸ್ಕೋಪಿನ ಮೂಲಕ ಮೂತ್ರನಾಳದ ಬಾಯಿಯ ಕೆಳಗೆ ಟೆಫ್ಲಾನ್ ಇಂಜೆಕ್ಷನ್ ಕೊಟ್ಟು ಹಿಮ್ಮುಖ ಹರಿವನ್ನು ತಡೆದರು. ಟೆಫ್ಲಾನ್ ಕಣಗಳು ಬೇರೆ ಅಂಗಗಳಿಗೆ ಜಾರಬಹುದೆಂಬ ಭಯ ಹುಟ್ಟಿ, ಕೊನೆಗೆ 2001ರಲ್ಲಿ ಡಿಫ್ಲಕ್ಸ್ ಎಂಬ ಜೆಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವೇ ನಿಮಿಷಗಳ ಕೆಲಸ, ಅದೇ ದಿನ ಮನೆಗೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2010ರಲ್ಲಿ ಕೊಟ್ಟ ಲೆಕ್ಕದಂತೆ ಓಪನ್ ಶಸ್ತ್ರಚಿಕಿತ್ಸೆಯ ಯಶಸ್ಸು ಶೇ. 98, ಒಂದು ಇಂಜೆಕ್ಷನ್ನಿನದು ಶೇ. 83. ಈ ಅಂತರವನ್ನು ಒಪ್ಪಿಕೊಳ್ಳಬಹುದು. ನನ್ನ ಚಿಂತೆ ಬೇರೆ: ಕೆಲಸ ಇಷ್ಟು ಹಗುರವಾದಾಗ ‘ಮಾಡೇಬಿಡೋಣ’ ಎನ್ನುವುದೂ ಹಗುರವಾಗುತ್ತದೆ. ಕಡಿಮೆ ದರ್ಜೆಯ ರಿಫ್ಲಕ್ಸ್ ಬಹುತೇಕ ಮಕ್ಕಳಲ್ಲಿ ಬೆಳೆಯುತ್ತ ಬೆಳೆಯುತ್ತ ತಾನೇ ಹೋಗುತ್ತದೆ. ಅಮೆರಿಕದಲ್ಲಿ 607 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷ ದಿನವೂ ಕೊಟ್ಟ ಆಂಟಿಬಯೋಟಿಕ್ ಸೋಂಕನ್ನು ಅರ್ಧದಷ್ಟು ತಗ್ಗಿಸಿತು. ಕಿಡ್ನಿಯ ಮೇಲಿನ ಕಲೆಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಮೂತ್ರ ಹೊಯ್ಯುವಾಗ ತೆಗೆಯುವ ಎಂಸಿಯು ಎಕ್ಸ್‌ರೇಯಲ್ಲಿ ಕಂಡ ರಿಫ್ಲಕ್ಸಿಗೆಲ್ಲ ಸೂಜಿಯೇ ಉತ್ತರವಲ್ಲ ಎನ್ನಲು ಇದೂ ಒಂದು ಕಾರಣ. ಶಾಲೆಯ ಶೌಚಾಲಯ ಗಲೀಜೆಂದು ಬೆಳಗಿನಿಂದ ಸಂಜೆವರೆಗೆ ಉಚ್ಚೆ ಕಟ್ಟಿಕೊಂಡು ಕೂರುವ, ನೀರನ್ನೂ ಕುಡಿಯದ, ಮಲಬದ್ಧತೆಯ ಹುಡುಗಿಗೆ ಸೋಂಕು ಮರುಕಳಿಸಿದರೆ ಮೊದಲು ಸರಿಪಡಿಸಬೇಕಾದದ್ದು ಯಾವುದು? ಅದಕ್ಕೆ ಪ್ಯಾಕೇಜ್ ದರವಿಲ್ಲ, ಹಾಗಾಗಿ ಜಾಹೀರಾತೂ ಇಲ್ಲ.

ಮೊದಲು ಹೊಗಳಿದ ವಾಲ್ವಿಗೂ ಒಂದು ಷರತ್ತಿದೆ. ದಾರಿ ಬಿಡಿಸಿದ ಮಾತ್ರಕ್ಕೆ ಗರ್ಭದಲ್ಲೇ ಕೆಟ್ಟ ಕಿಡ್ನಿ ಹೊಸದಾಗುವುದಿಲ್ಲ. ಅಂಥ ಮಕ್ಕಳಲ್ಲಿ ಗಣನೀಯ ಪಾಲು ಮುಂದೆ ಡಯಾಲಿಸಿಸ್, ಕಿಡ್ನಿ ಕಸಿಯ ಹಂತಕ್ಕೆ ಬರುತ್ತಾರೆ. ಗಾಯವೇ ಕಾಣದ ಕಾರಣ ಕಾಯಿಲೆಯೇ ಮುಗಿಯಿತೆಂದು ಚೀಟಿ ಎತ್ತಿಟ್ಟು ಊರಿಗೆ ಹೋದವರು, ಕಿಡ್ನಿ ಸೋಲುತ್ತಿರುವುದನ್ನು ತೋರುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿದ ಮೇಲೆ ಮರಳುತ್ತಾರೆ. ರಾಯಚೂರಿನಿಂದ ಬೆಂಗಳೂರಿಗೆ ವರ್ಷ ವರ್ಷ ಬರುವುದು ಕೂಲಿ ಮಾಡುವವರಿಗೆ ಸುಲಭವಲ್ಲ. ಉಪಕರಣಕ್ಕೆ ಕೋಟಿಗಟ್ಟಲೆ ಸುರಿಯುವ ಆಸ್ಪತ್ರೆಗಳು ಈ ಮಕ್ಕಳಿಗೆ ತಪ್ಪದೆ ಫೋನ್ ಮಾಡಿ ಕರೆಸುವ ಒಬ್ಬ ಸಿಬ್ಬಂದಿಯನ್ನು ಇಟ್ಟುಕೊಳ್ಳಬಾರದೇ?

ಮಗುವಿಗೆ ಇಂಥ ಆಪರೇಷನ್ ಹೇಳಿದ್ದಾರೆಂದರೆ ತೂತು ಎಷ್ಟು ಎಂದು ಕೇಳುವ ಮೊದಲು, ಈಗಲೇ ಬೇಕೇ ಎಂದು ಕೇಳಿ. ಡಿಟಿಪಿಎ ಸ್ಕ್ಯಾನಿನಲ್ಲಿ ಆ ಕಿಡ್ನಿಯ ಪಾಲಿನ ಕೆಲಸ ಶೇಕಡ ಎಷ್ಟಿದೆ, ಹಿಂದಿನದಕ್ಕಿಂತ ಇಳಿದಿದೆಯೇ ಎಂದು ವಿಚಾರಿಸಿ. ಇದೇ ವಯಸ್ಸಿನ ಎಷ್ಟು ಮಕ್ಕಳಿಗೆ ಮಾಡಿದ್ದೀರಿ ಎಂದು ಸರ್ಜನ್ನರನ್ನು ಕೇಳಲು ಸಂಕೋಚ ಬೇಡ, ಒಳ್ಳೆಯವರು ಬೇಸರಿಸುವುದಿಲ್ಲ. ಸ್ಟೆಂಟ್ ಹಾಕಿದ್ದರೆ ತೆಗೆಸುವ ತಾರೀಕನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಮರೆತು ಒಳಗೇ ಉಳಿದ ಸ್ಟೆಂಟಿನ ಸುತ್ತ ಕಲ್ಲು ಬೆಳೆಯುತ್ತದೆ, ಅದನ್ನು ತೆಗೆಯಲು ಮತ್ತೊಂದು ಆಪರೇಷನ್ನೇ ಬೇಕಾಗಬಹುದು.