ಇಟಲಿಯ ಚಿತ್ರವಿದ್ಯೆಯ ಕೆಲವು ಪಾರಿಭಾಷಿಕ ಪದಗಳ ವಿಚಾರ

ಪಾಶ್ಚಾತ್ಯ ಚಿತ್ರಕಲೆಯನ್ನೂ ವಾಸ್ತುಶಿಲ್ಪವನ್ನೂ ಕುರಿತು ಕನ್ನಡದಲ್ಲಿ ಬರೆಯುವವರಿಗೆ ಮೊದಲು ಎದುರಾಗುವ ತೊಡಕು ಪರಿಭಾಷೆಯದು. ಇಟಲಿ ದೇಶದಲ್ಲಿ ಹದಿನೈದು ಹದಿನಾರನೆಯ ಶತಮಾನಗಳಲ್ಲಿ ನಡೆದ ಕಲಾಪುನರುಜ್ಜೀವನದ ವಿಷಯದಲ್ಲಂತೂ ಈ ತೊಡಕು ಹೆಚ್ಚು. ಏಕೆಂದರೆ ಅಲ್ಲಿನ ಒಂದೊಂದು ಪದದ ಹಿಂದೆಯೂ ಒಂದೊಂದು ಕೈಕೆಲಸವಿರುತ್ತದೆ. ಕೆಲಸವನ್ನು ವಿಚಾರಿಸದೆ ಸಂಸ್ಕೃತದ ಕೋಶವನ್ನು ತೆರೆದು, ಸಮೀಪವಾಗಿ ಕಂಡ ಶಬ್ದವನ್ನು ಎತ್ತಿಟ್ಟರೆ ಸಾಕೆಂಬ ಭಾವನೆಯು ಪಂಡಿತವರ್ಗದಲ್ಲಿ ಬಲವಾಗಿ ಬೇರೂರಿದೆ. ಈ ದೋಷಕ್ಕೆ ಪ್ರಕೃತ ಲೇಖಕನೂ ಹೊರತಾದವನಲ್ಲ. ಕೆಲವು ವರ್ಷಗಳ ಹಿಂದೆ ಅಧ್ಯಾಪಕರ ಸಭೆಯೊಂದರಲ್ಲಿ, ವಿಷ್ಣುಧರ್ಮೋತ್ತರಪುರಾಣದ ಚಿತ್ರಸೂತ್ರದಲ್ಲಿ ಬರುವ 'ಕ್ಷಯವೃದ್ಧಿ'ಯೇ ಪಾಶ್ಚಾತ್ಯರ 'ಪರ್ಸ್ಪೆಕ್ಟಿವ್', ಅದನ್ನು ನಮ್ಮವರು ಅವರಿಗಿಂತ ಮೊದಲೇ ಬಲ್ಲವರಾಗಿದ್ದರು ಎಂದು ಘಂಟಾಘೋಷವಾಗಿ ಹೇಳಿದ್ದೆನು. ಸಭಿಕರು ಸಂತೋಷಪಟ್ಟರು. ಆ ಮಾತು ಈಗ ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಸಿದ್ಧಾಂತವಾಗಿ ನಿಂತಿರುವುದನ್ನು ಕಂಡುದರಿಂದ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನನಗೆ ಕರ್ತವ್ಯವಾಗಿದೆ.

ಮೊದಲು ಇಟಲಿಯವರು ಮಾಡಿದುದೇನೆಂಬುದನ್ನು ನೋಡೋಣ. ಫ್ಲಾರೆನ್ಸ್ ನಗರದ ಮಹಾ ಇಗರ್ಜಿಯ ಗುಮ್ಮಟವನ್ನು, ನೆಲದಿಂದೆದ್ದ ಮರದ ಆಧಾರವಿಲ್ಲದೆಯೇ, 1420ರಿಂದ 1436ರವರೆಗೆ ಕಟ್ಟಿಸಿದ ಬ್ರುನೆಲ್ಲೆಸ್ಕಿಯು ಅದಕ್ಕೂ ಮುಂಚೆ ಒಂದು ಪರೀಕ್ಷೆಯನ್ನು ನಡೆಸಿದನು. ಆ ಇಗರ್ಜಿಯ ಎದುರಿನ ದೀಕ್ಷಾಸ್ನಾನಮಂದಿರವನ್ನು ಒಂದು ಹಲಗೆಯ ಮೇಲೆ ಬರೆದು, ಹಲಗೆಯಲ್ಲಿ ಒಂದು ರಂಧ್ರವನ್ನು ಕೊರೆದನು. ನೋಡುವವನು ಹಲಗೆಯ ಹಿಂಬದಿಯಿಂದ ಆ ರಂಧ್ರಕ್ಕೆ ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರದ ಪ್ರತಿಬಿಂಬವನ್ನು ಕಾಣಬೇಕು. ಆಕಾಶವಿರಬೇಕಾದ ಕಡೆ ಬಣ್ಣವಿಲ್ಲ, ಮೆರುಗಿಟ್ಟ ಬೆಳ್ಳಿ. ನಿಜವಾದ ಮೋಡಗಳೇ ಅದರಲ್ಲಿ ತೇಲಿಹೋಗುತ್ತಿದ್ದುವು. ಇದನ್ನು ಅವನ ಚರಿತ್ರಕಾರನಾದ ಮನೆತ್ತಿಯು ಹೇಳಿದ್ದಾನೆ. ಇಲ್ಲಿ ಗಮನಿಸತಕ್ಕದ್ದು ಆ ರಂಧ್ರ. ಕಣ್ಣು ಒಂದೇ, ಅದರ ಸ್ಥಾನವೂ ಒಂದೇ. ಅಲ್ಲಿಂದ ಅಂಗುಲ ಕದಲಿದರೂ ಚಿತ್ರವು ಕೆಡುವುದು.

ಇದನ್ನೇ ಆಲ್ಬೆರ್ತಿಯು 1435ರಲ್ಲಿ ಚಿತ್ರಕಲೆಯನ್ನು ಕುರಿತ ತನ್ನ ಲ್ಯಾಟಿನ್ ಗ್ರಂಥದಲ್ಲಿ ಶಾಸ್ತ್ರವನ್ನಾಗಿ ಮಾಡಿದನು. ಕಣ್ಣಿನಿಂದ ವಸ್ತುವಿಗೆ ಹೋಗುವ ದೃಷ್ಟಿರೇಖೆಗಳು ಕೂಡಿ ಒಂದು ಶಂಕುವಿನ ಆಕಾರವಾಗುತ್ತದೆ. ಆ ಶಂಕುವನ್ನು ನಡುವೆ ಕತ್ತರಿಸಿದ ಪಾತಳಿಯೇ ಚಿತ್ರ. ಒಳಮುಖವಾಗಿ ಓಡುವ ಸಮಾಂತರರೇಖೆಗಳೆಲ್ಲ ಒಂದು ಬಿಂದುವಿನಲ್ಲಿ ಸೇರತಕ್ಕದ್ದು. ಮಸಾಚ್ಚೋ ಎಂಬ ತರುಣನು 1427ರ ಸುಮಾರಿಗೆ ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾದಲ್ಲಿ ಬರೆದ 'ತ್ರಿತ್ವ' ಚಿತ್ರದಲ್ಲಿ, ಗೋಡೆಯನ್ನು ಕೊರೆದು ಮಂಟಪವನ್ನು ಕಟ್ಟಿದಂತೆ ಕಾಣುವ ಆ ಕಮಾನುಛಾವಣಿಯ ರೇಖೆಗಳು, ಎದುರಿಗೆ ನಿಂತವನ ಕಣ್ಣಿನ ಮಟ್ಟದಲ್ಲಿಯೇ ಕೂಡುತ್ತವೆ. ಅದಕ್ಕಾಗಿ ಗಾರೆಯಲ್ಲಿ ಕೊರೆದ ಗೆರೆಗಳು ಇಂದಿಗೂ ಕಾಣುತ್ತವೆ.

ಇನ್ನು ನಮ್ಮ ಕ್ಷಯವೃದ್ಧಿಯ ವಿಚಾರ. ಚಿತ್ರಸೂತ್ರಕಾರನು ದೇಹದ ಒಂಬತ್ತು ಸ್ಥಾನಗಳನ್ನು, ಎಂದರೆ ನಿಲುವುಗಳನ್ನು ಹೇಳಿ, ದೇಹವು ತಿರುಗಿದಂತೆ ಯಾವ ಅಂಗವು ಕುಗ್ಗಬೇಕು, ಯಾವುದು ಹಿಗ್ಗಬೇಕು ಎಂಬುದನ್ನು ವಿಧಿಸುತ್ತಾನೆ. "ಎರಡೆಡೆಯಲ್ಲಿಯೂ ಕುಗ್ಗುವಿಕೆ ಹಿಗ್ಗುವಿಕೆಗಳೇ ಇರುವಾಗ ಭೇದವೆಲ್ಲಿ?" ಎಂಬುದು ಪೂರ್ವಪಕ್ಷ. ಕಾರ್ಯವು ಸಮಾನವಾಗಿದ್ದ ಮಾತ್ರಕ್ಕೆ ಹೇತುವು ಒಂದೇ ಆಗಬೇಕಾಗಿಲ್ಲವೆಂಬುದು ಅದಕ್ಕೆ ಸಮಾಧಾನ. ಅಲ್ಲಿ ಹೇತುವು ನೋಡುವ ಕಣ್ಣಿಗೂ ವಸ್ತುವಿಗೂ ಇರುವ ದೂರ; ಇಲ್ಲಿ ನೋಡಲ್ಪಡುವ ದೇಹದ ನಿಲುವು. ಅಲ್ಲಿ ನೆಲ, ಕಂಬ, ಛಾವಣಿ, ಮನುಷ್ಯ ಎಲ್ಲವೂ ಒಂದೇ ಲೆಕ್ಕಕ್ಕೆ ಒಳಪಡುತ್ತವೆ; ಇಲ್ಲಿ ಲೆಕ್ಕವು ಆಯಾ ಮೂರ್ತಿಯೊಳಗೇ ಮುಗಿಯುತ್ತದೆ.

ಆದರೆ ಕ್ಷಯವೃದ್ಧಿಯನ್ನು ಕೈಬಿಡಬೇಕಾಗಿಲ್ಲ. ಇಟಲಿಯವರಲ್ಲಿಯೇ 'ಸ್ಕೋರ್ಚೋ' ಎಂಬ ಬೇರೊಂದು ಪದವಿದೆ. ನಮ್ಮ ಕಡೆಗೆ ಚಾಚಿದ ಅಂಗವನ್ನು ಮೊಟಕುಮಾಡಿ ತೋರಿಸುವುದೆಂದು ಅದರ ಅರ್ಥ. ಮಿಲಾನಿನ ಬ್ರೆರಾ ಚಿತ್ರಶಾಲೆಯಲ್ಲಿ ಮಾಂತೆನ್ಯನು ಬರೆದ ಮೃತ ಕ್ರಿಸ್ತನ ಚಿತ್ರವಿದೆ. ಶವದ ಪಾದಗಳು ನಮ್ಮ ಕಡೆಗಿವೆ, ತಲೆಯು ಆಚೆಗೆ. ಕಣ್ಣಳತೆಯ ಲೆಕ್ಕಕ್ಕೆ ಕಟ್ಟುಬಿದ್ದಿದ್ದರೆ ಪಾದಗಳು ಭೀಕರವಾಗಿ ದೊಡ್ಡದಾಗಿ, ಮುಖವು ಎಲ್ಲಿಯೋ ಅಡಗಿಹೋಗಬೇಕಾಗಿತ್ತು. ಅವನು ಪಾದಗಳನ್ನು ಕುಗ್ಗಿಸಿ ತಲೆಯನ್ನು ಹಿಗ್ಗಿಸಿದನು. ಲೆಕ್ಕವನ್ನು ಮುರಿದು ಶೋಕವನ್ನು ಉಳಿಸಿದನು. ಇದು ಅಕ್ಷರಶಃ ಕ್ಷಯವೃದ್ಧಿ. ಆದುದರಿಂದ ಸ್ಕೋರ್ಚೋ ಎಂಬುದಕ್ಕೆ ಕ್ಷಯವೃದ್ಧಿಯೆಂದೂ, ಪರ್ಸ್ಪೆಕ್ಟಿವ್ ಎಂಬುದಕ್ಕೆ 'ದೃಕ್ಸೂತ್ರ'ವೆಂದೂ ಹೇಳಬಹುದೆಂದು ನನ್ನ ಸೂಚನೆ. ಸೂತ್ರವೆಂದರೆ ನಿಯಮವೂ ಹೌದು, ಶಿಲ್ಪಿಯ ಕೈಯ ದಾರವೂ ಹೌದು.

'ಕಿಯಾರೊಸ್ಕುರೋ' ಎಂಬುದನ್ನು 'ವರ್ತನೆ' ಎಂದು ಅನುವಾದಿಸುವುದೂ ಇಂಥದೇ ಎಡವು. ಪತ್ರವರ್ತನೆ, ಬಿಂದುವರ್ತನೆ ಮೊದಲಾದ ಮೂರು ಬಗೆಗಳು ಕುಂಚದ ಗತಿಯ ಭೇದಗಳು. ಉಬ್ಬುತಗ್ಗುಗಳನ್ನು ತೋರಿಸುತ್ತವೆ, ಬೆಳಕು ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಮಸಾಚ್ಚೋ ಕೇಳಿದನು. ಬ್ರಾಂಕಾಚ್ಚಿ ಪೂಜಾಗೃಹದ ಚಿತ್ರಗಳಲ್ಲಿ ಬೆಳಕು ಆ ಗೃಹದ ನಿಜವಾದ ಕಿಟಕಿಯ ದಿಕ್ಕಿನಿಂದಲೇ ಬೀಳುತ್ತದೆ. ನೆಳಲುಬೆಳಕೆಂಬ ಮನೆಮಾತೇ ಇಲ್ಲಿ ಸಾಕು.

ಅತ್ಯಂತ ಹಾನಿಕರವಾದುದು 'ಫ್ರೆಸ್ಕೋ' ಎಂಬುದಕ್ಕೆ 'ಭಿತ್ತಿಚಿತ್ರ' ಎಂದು ಬರೆಯುವ ರೂಢಿ. ಇದರಲ್ಲಿ ಅತಿವ್ಯಾಪ್ತಿದೋಷವು ಸ್ಪಷ್ಟವಾಗಿದೆ. ಗೋಡೆಯ ಮೇಲಿನದೆಲ್ಲ ಭಿತ್ತಿಚಿತ್ರ, ಗೋಡೆಯ ಮೇಲಿನದೆಲ್ಲ ಫ್ರೆಸ್ಕೋ ಅಲ್ಲ. ಫ್ರೆಸ್ಕೋ ಎಂದರೆ ಹಸಿಯಾದುದು. ಅಂದಂದಿಗೆ ಬೇಕಾಗುವಷ್ಟೇ ಸುಣ್ಣದ ಗಾರೆಯನ್ನು ಬಳಿದು, ಅದು ಆರುವುದರೊಳಗೆ ನೀರಿನಲ್ಲಿ ಅರೆದ ಬಣ್ಣವನ್ನು ಹಚ್ಚಬೇಕು. ಸುಣ್ಣವು ಗಾಳಿಯ ಅಂಗಾರಾಮ್ಲವನ್ನು ಹೀರಿ ಮರಳಿ ಕಲ್ಲಾಗುವಾಗ ಬಣ್ಣವು ಅದರಲ್ಲಿ ಸೆರೆಯಾಗುತ್ತದೆ. ಒಂದು ದಿನದ ತುಂಡಿಗೆ 'ಜೊರ್ನಾತಾ' ಎಂದು ಹೆಸರು. ರೋಮಿನ ಸಿಸ್ಟೈನ್ ಮಂದಿರದ ಛಾವಣಿಯನ್ನು ಮೈಕೆಲೇಂಜಲೋ 1508ರಿಂದ 1512ರವರೆಗೆ ಹೀಗೆ ಬರೆದನು. ತಪ್ಪಿದರೆ ಗಾರೆಯನ್ನು ಕೆತ್ತಿ ತೆಗೆಯುವುದೊಂದೇ ದಾರಿ.

ಲಿಯೊನಾರ್ಡೋ ಈ ಅವಸರವನ್ನು ಒಲ್ಲದವನು. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಕುಂಚವನ್ನು ಕೆಳಗಿಡದೆ, ಕೆಲವು ದಿನ ಬರಿದೆ ನೋಡುತ್ತ ನಿಂತು ಕೆಲಸಮಾಡುತ್ತಿದ್ದನೆಂದು, ಅದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡ ಬಂದೆಲ್ಲೋ ಬರೆದಿದ್ದಾನೆ. ಮಿಲಾನಿನ ಮಠದ ಭೋಜನಶಾಲೆಯಲ್ಲಿ 1498ರ ವೇಳೆಗೆ ಮುಗಿದ 'ಕೊನೆಯ ಭೋಜನ'ವನ್ನು ಅವನು ಒಣಗೋಡೆಯ ಮೇಲೆ ಅಂಟಿನ ಬಣ್ಣದಿಂದ ಬರೆದನು. ಗೋಡೆ ಅದನ್ನು ಹಿಡಿಯಲಿಲ್ಲ. 1566ರಲ್ಲಿ ವಸಾರಿಯು ನೋಡಿದಾಗಲೇ ಅದು ಬಣ್ಣದ ಕಲೆಗಳ ಮೊತ್ತವಾಗಿತ್ತು. ಇಪ್ಪತ್ತು ವರ್ಷಕ್ಕೂ ಮೀರಿ ನಡೆದ ಜೀರ್ಣೋದ್ಧಾರವು 1999ರಲ್ಲಿ ಮುಗಿಯಿತು. ಎರಡನ್ನೂ ಭಿತ್ತಿಚಿತ್ರವೆಂದು ಕಲಿತ ವಿದ್ಯಾರ್ಥಿಯು, ಒಂದು ಉಳಿದು ಒಂದು ಅಳಿದುದೇಕೆಂದು ಕೇಳಲಾರನು. ಕೇಳಿದರೆ ಅಧ್ಯಾಪಕನು ಉತ್ತರಿಸಲಾರನು. ಫ್ರೆಸ್ಕೋಗೆ 'ಹಸಿಗಾರೆಚಿತ್ರ'ವೆಂದು ಹೇಳಿದರೆ ಸಂಗತಿಯು ಪದದಲ್ಲಿಯೇ ಇರುತ್ತದೆ. ಅರಿಸಮಾಸವಾಯಿತೆಂದು ಕೇಶಿರಾಜನು ಮುನಿದರೆ ಮುನಿಯಲಿ, ಗಾರೆಯವನು ಮೆಚ್ಚುವನು.

ಉಳಿದುದು 'ದಿಸೇನ್ಯೋ'. ವಸಾರಿಯು ಚಿತ್ರ, ಶಿಲ್ಪ, ವಾಸ್ತು ಈ ಮೂರಕ್ಕೂ ಇದನ್ನೇ ತಂದೆಯೆಂದನು. 1563ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದ ಕಲಾಪರಿಷತ್ತಿಗೂ ಈ ಹೆಸರೇ ಸೇರಿತು. ಕೈಯಿಂದ ಎಳೆದ ರೇಖೆಯೂ, ಎಳೆಯುವ ಮೊದಲು ಮನಸ್ಸಿನಲ್ಲಿ ಮೂಡಿದ ರೂಪವೂ ಆ ಒಂದೇ ಪದದಲ್ಲಿ ಅಡಗಿವೆ. 'ರೇಖೆ'ಯೆಂದರೆ ಮನಸ್ಸು ಬಿಟ್ಟುಹೋಗುವುದು, 'ಸಂಕಲ್ಪ'ವೆಂದರೆ ಕೈ ಬಿಟ್ಟುಹೋಗುವುದು. ಎರಡನ್ನೂ ಹೊರುವ ಕನ್ನಡ ಪದವೊಂದು ದೊರೆಯುವವರೆಗೆ ಇದನ್ನು ದಿಸೇನ್ಯೋ ಎಂದೇ ಬರೆಯುವುದು ಲೇಸು.