ಸುಣ್ಣದ ಗೋಡೆ, ಇಳಕಲ್ ಪರದೆ

ಹತ್ತು ಸಾವಿರ ರೂಪಾಯಿಯಲ್ಲಿ ಒಂದು ಕೋಣೆಯ ರೂಪ ಬದಲಾಯಿಸಬಹುದೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಜೊತೆಗೆ ಒಂದು ಪಟ್ಟಿಯನ್ನೂ ಕಳಿಸಿದ್ದಾರೆ: ಗೋಡೆಗೆ ಅಂಟಿಸುವ ಸ್ಟಿಕರ್, ಪ್ಲಾಸ್ಟಿಕ್ ಬಳ್ಳಿ, ಸೀರಿಯಲ್ ಲೈಟು, ನಾಲ್ಕು ಫ್ರೇಮು, ಒಂದು ರಗ್ಗು. ಖಂಡಿತ ಬದಲಾಯಿಸಬಹುದು. ಮೂರು ಸಾವಿರದೊಳಗೂ ಆಗುತ್ತದೆ. ಆದರೆ ಆ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ಕೋಣೆಗೆ ಕಾಲಿಟ್ಟವರ ಕಣ್ಣು ತುಂಬುವುದು ಗೋಡೆ, ಆಮೇಲೆ ಬೆಳಕು, ಆಮೇಲೆ ಬಟ್ಟೆ. ಸಾಮಾನು ನಾಲ್ಕನೆಯದು. ನಾವು ದುಡ್ಡು ಸುರಿಯಲು ತೊಡಗುವುದು ಮಾತ್ರ ನಾಲ್ಕನೆಯದರಿಂದಲೇ.

ನನ್ನ ಮನೆಯ ಒಂದು ಕೋಣೆಯ ಕಥೆ ಹೇಳುತ್ತೇನೆ. ಪಡಸಾಲೆಗೆ ಹೊಂದಿಕೊಂಡ ಕೋಣೆ ಅದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಧಾರವಾಡದ ಮಳೆ ಪಶ್ಚಿಮದ ಗೋಡೆಗೆ ನೇರವಾಗಿ ಬಡಿಯುತ್ತದೆ. ಗೋಡೆ ಹಳೆಯದು, ಮಣ್ಣು ಇಟ್ಟಿಗೆ ಕಟ್ಟಿ ಗಾರೆ ಬಳಿದದ್ದು. ಅಂಗಡಿಯವರ ಮಾತು ಕೇಳಿ ಅದಕ್ಕೆ ದುಬಾರಿ ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಿದ್ದೆ. ಎರಡನೇ ಮಳೆಗಾಲಕ್ಕೆ ಬಣ್ಣ ಗುಳ್ಳೆ ಎದ್ದಿತು. ಬೆರಳಿನಿಂದ ಒತ್ತಿದರೆ ಒಳಗಿನಿಂದ ಉಪ್ಪಿನಂಥ ಬಿಳಿ ಪುಡಿ ಉದುರುತ್ತಿತ್ತು. ಮೂರನೇ ಮಳೆಗಾಲಕ್ಕೆ ಹಪ್ಪಳ ಹಪ್ಪಳವಾಗಿ ಕಳಚಿತು. ಮತ್ತೆ ಪುಟ್ಟಿ, ಮತ್ತೆ ಪ್ರೈಮರ್, ಮತ್ತೆ ಬಣ್ಣ. ಹೀಗೆ ಎರಡು ಸಲ ಖರ್ಚಾದ ಮೇಲೆ ವಯಸ್ಸಾದ ಗೌಂಡಿಯೊಬ್ಬರು ಬಂದು ಗೋಡೆಗೆ ಅಂಗೈ ಒತ್ತಿ ಹಿಡಿದು, "ಗೋಡಿಗೆ ಉಸುರು ಕಟ್ಟೇತ್ರಿ" ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಹಳೆಯ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲಿಗೆ ಆವಿ ಮಾಡಿ ಬಿಟ್ಟುಕೊಡುತ್ತದೆ. ಪ್ಲಾಸ್ಟಿಕ್ ಬಣ್ಣ ಅದರ ಮೇಲೆ ಒಂದು ಪೊರೆ ಎಳೆದು ಆ ದಾರಿಯನ್ನು ಮುಚ್ಚಿಬಿಡುತ್ತದೆ. ಹೊರಬರಲಾಗದ ತೇವ ಪೊರೆಯ ಹಿಂದೆಯೇ ನಿಂತು, ಇಟ್ಟಿಗೆಯ ಲವಣವನ್ನೂ ಅಲ್ಲಿಗೇ ತಂದು, ಬಣ್ಣವನ್ನು ಮೇಲಕ್ಕೆ ಎತ್ತುತ್ತದೆ. ಸುಣ್ಣ ಹಾಗೆ ಮಾಡುವುದಿಲ್ಲ. ಅದರ ಮೂಲಕ ಆವಿ ಸಲೀಸಾಗಿ ಹಾಯುತ್ತದೆ. ಜೊತೆಗೆ ಅದರ ಕ್ಷಾರಗುಣ ಎಷ್ಟು ತೀಕ್ಷ್ಣವೆಂದರೆ ಹೊಸದಾಗಿ ಸುಣ್ಣ ಕಂಡ ಗೋಡೆಯಲ್ಲಿ ಬೂಷ್ಟು ಬೇರೂರುವುದಿಲ್ಲ.

ಸುಣ್ಣದ ಗುಟ್ಟು ನನಗೆ ಇಂದಿಗೂ ಬೆರಗಿನ ವಿಷಯ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಕಲ್ಲಿನೊಳಗಿನ ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಕರಾವಳಿಯಲ್ಲಿ ಕಲ್ಲಿನ ಬದಲು ಚಿಪ್ಪು ಸುಟ್ಟು ಮಾಡುತ್ತಿದ್ದರು. ನೀರಿಗೆ ಬಿದ್ದೊಡನೆ ಸುಟ್ಟ ಸುಣ್ಣ ಸೀಳಿ, ಕುದಿದು, ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಇಂಗಾಲದ ಡೈ ಆಕ್ಸೈಡನ್ನು ವಾರಗಟ್ಟಲೆ ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕಡೆಗೆ ಗೋಡೆಯ ಮೇಲೆ ಉಳಿಯುವುದು ಕೂದಲೆಳೆಯಷ್ಟು ತೆಳ್ಳನೆಯ ಕಲ್ಲಿನ ಪದರ. ಆ ಪದರದ ಹರಳು ಕ್ಯಾಲ್ಸೈಟ್. ತನ್ನೊಳಗೆ ಹೊಕ್ಕ ಕಿರಣವನ್ನು ಎರಡಾಗಿ ಸೀಳುವ ಗುಣ ಅದಕ್ಕಿದೆ. ಸಂಜೆ ಐದರ ಬಿಸಿಲು ಸುಣ್ಣದ ಗೋಡೆಗೆ ಬಿದ್ದಾಗ ಗೋಡೆಯೇ ಒಳಗಿನಿಂದ ಬೆಳಗಿದಂತೆ ಕಾಣುವುದನ್ನು ನೋಡಿದವರಿಗೆ, ಡಬ್ಬಿಯ ಬಿಳಿ ಬಣ್ಣ ಯಾಕೆ ಸಪ್ಪೆ ಎನಿಸುತ್ತದೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕೆಲಸಕ್ಕೆ ಬರೋಣ. ನಮ್ಮ ಹಿರಿಯರು ಕೈ ಅಂದಾಜಿನಲ್ಲಿ ಮಾಡುತ್ತಿದ್ದುದಕ್ಕೆ ಕೇಂದ್ರ ಲೋಕೋಪಯೋಗಿ ಇಲಾಖೆಯ ಕೈಪಿಡಿಯಲ್ಲಿ ಲೆಕ್ಕ ಸಿಗುತ್ತದೆ. ಒಂದು ಕೆಜಿ ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು. 24 ಗಂಟೆ ನೆನೆಯಬೇಕು. ಆಮೇಲೆ ದಪ್ಪ ಬಟ್ಟೆಯಲ್ಲಿ ಸೋಸಬೇಕು. ಹತ್ತು ಲೀಟರ್ ಸುಣ್ಣದ ನೀರಿಗೆ 40 ಗ್ರಾಂ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಬೇಕು. ಬಿಳುಪು ಹೆಚ್ಚಲು ಕೆಜಿಗೆ 3 ಗ್ರಾಂವರೆಗೆ ನೀಲಿ. ಹೊಸ ಗೋಡೆಯಾದರೆ ಮೂರು ಕೈ. ನನ್ನ ಕೋಣೆಗೆ ಹನ್ನೆರಡು ಕೆಜಿ ಸುಣ್ಣ, ಕಾಲು ಕೆಜಿ ಅಂಟು ಹಿಡಿಯಿತು. ಕುಂಚವೂ ಸೇರಿ ಆರುನೂರು ರೂಪಾಯಿ ದಾಟಲಿಲ್ಲ.

ನೆನೆಸುವಾಗ ಜಾಗ್ರತೆ. ಮೊದಲು ನೀರು, ಆಮೇಲೆ ಸುಣ್ಣದ ಹಳಕು, ಅದೂ ಒಂದೊಂದಾಗಿ. ಸುಣ್ಣದ ಮೇಲೆ ನೀರು ಸುರಿದರೆ ಅದು ಸಿಡಿದು ಕಣ್ಣಿಗೆ ಹಾರಬಹುದು. ಸುಣ್ಣ ಬಿದ್ದ ಕಣ್ಣು ಹೋಗುವ ಅಪಾಯವಿದೆ. ಕನ್ನಡಕ, ಕೈಗವಸು ಇರಲೇಬೇಕು, ಮಕ್ಕಳು ಸುತ್ತ ಇರಬಾರದು. ತೆಳು ಪ್ಲಾಸ್ಟಿಕ್ ಬಕೆಟ್ಟು ಆ ಕಾವಿಗೆ ಸೊಟ್ಟಗಾಗುತ್ತದೆ, ಕಬ್ಬಿಣದ ಡ್ರಮ್ಮು ಒಳ್ಳೆಯದು. ಇಷ್ಟು ರಗಳೆ ಬೇಡ ಎನ್ನುವವರು ಅರಳಿಸಿ ಪುಡಿ ಮಾಡಿದ ಸುಣ್ಣದ ಚೀಲವನ್ನೇ ತರಬಹುದು. ಅದನ್ನೂ ಒಂದು ರಾತ್ರಿ ನೀರಿನಲ್ಲಿ ಬಿಡಿ.

ಬಳಿಯುವ ದಿನ ಗೋಡೆಗೆ ಮೊದಲು ನೀರು ಚಿಮುಕಿಸಬೇಕು. ಒಣ ಗೋಡೆ ಸುಣ್ಣದ ನೀರನ್ನೆಲ್ಲ ಒಮ್ಮೆಲೇ ಹೀರಿಬಿಟ್ಟರೆ ಸುಣ್ಣ ಕಲ್ಲಾಗದೆ ಪುಡಿಯಾಗಿ ಉಳಿದು ಕೈಗೆ ಮೆತ್ತುತ್ತದೆ. ಸುಣ್ಣದ ಹದ ಮಜ್ಜಿಗೆಗಿಂತ ತುಸು ಗಟ್ಟಿ, ಅಷ್ಟೇ. ಮೇಲಿಂದ ಕೆಳಕ್ಕೆ ಒಂದು ಎಳೆತ, ಅದರ ಮೇಲೆ ಕೆಳಗಿಂದ ಮೇಲಕ್ಕೆ ಇನ್ನೊಂದು, ಅದು ಹಸಿ ಇರುವಾಗಲೇ ಬಲದಿಂದ ಮತ್ತು ಎಡದಿಂದ ಅಡ್ಡಕ್ಕೆ ಒಂದೊಂದು. ಮೊದಲ ಕೈ ಬಳಿದಾಗ ಏನೂ ಕಾಣುವುದಿಲ್ಲ. ಗೋಡೆ ಬರೀ ಒದ್ದೆಯಾದಂತೆ ಇರುತ್ತದೆ. ನನ್ನ ಮಗಳು ಅರ್ಧ ಗೋಡೆ ಬಳಿದು, ಇದು ಹತ್ತುತ್ತಿಲ್ಲ ಎಂದು ಕುಂಚ ಕೆಳಗಿಟ್ಟಿದ್ದಳು. ಊಟ ಮುಗಿಸಿ ಬಂದು ನೋಡುವಷ್ಟರಲ್ಲಿ ಬಿಳುಪು ತಾನೇ ಮೇಲೆ ಬಂದಿತ್ತು. ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

ಬಿಳಿ ಬೇಡ ಎನ್ನುವವರಿಗೆ ಕೆಮ್ಮಣ್ಣಿದೆ, ಕಾವಿಯಿದೆ, ಹಳದಿ ಮಣ್ಣಿದೆ. ಖನಿಜದ ಬಣ್ಣ ಸುಣ್ಣದ ಖಾರಕ್ಕೆ ಜಗ್ಗುವುದಿಲ್ಲ. ಗಿಡಮೂಲದ ಬಣ್ಣ ನಿಲ್ಲುವುದು ಕಷ್ಟ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದು ಆರತಿಯ ನೀರು ಮಾಡಿದ ಎಲ್ಲರಿಗೂ ಗೊತ್ತು, ಹಾಗಾಗಿ ಹಳದಿ ಗೋಡೆಗೆಂದು ಅರಿಶಿನ ಕಲಸಬೇಡಿ. ಬಣ್ಣದ ಪುಡಿ ಸುಣ್ಣದ ತೂಕದ ಹತ್ತನೇ ಒಂದು ಭಾಗ ಮೀರಬಾರದು, ಮೀರಿದರೆ ಒರಗಿದವರ ಬೆನ್ನಿಗೆ ಹತ್ತುತ್ತದೆ. ನಾನು ಮೂರು ಗೋಡೆ ಬಿಳಿ ಮಾಡಿ, ನೆಲದಿಂದ ಮೂರಡಿ ಎತ್ತರದವರೆಗೆ ಕಾವಿ ಪಟ್ಟಿ ಎಳೆದೆ. ಹಳ್ಳಿಮನೆಗಳ ಆ ಕಾವಿ ಪಟ್ಟಿ ಬರೀ ಅಂದಕ್ಕಲ್ಲ. ಕಾಲಿನ ಧೂಳು, ಕಸಬರಿಗೆಯ ಗುರುತು, ಕೂತವರ ತಲೆಯ ಎಣ್ಣೆ ಎಲ್ಲವನ್ನೂ ಅದು ನುಂಗುತ್ತದೆ.

ಸುಣ್ಣಕ್ಕೆ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಪ್ಲಾಸ್ಟಿಕ್ ಬಣ್ಣ, ಆಯಿಲ್ ಪೇಂಟ್ ಇರುವ ಗೋಡೆಗೆ ಅದು ಹಿಡಿಯುವುದೇ ಇಲ್ಲ. ಹಳೆಯ ಬಣ್ಣವನ್ನು ಗಾರೆ ಕಾಣುವ ತನಕ ಕೆರೆದು ತೆಗೆಯಬೇಕು. ನನ್ನ ಕೋಣೆಯಲ್ಲಿ ಬಳಿಯುವುದಕ್ಕೆ ಎರಡು ದಿನ, ಕೆರೆಯುವುದಕ್ಕೆ ಐದು ದಿನ ಹಿಡಿಯಿತು.

ಗೋಡೆ ಬಿಳಿಯಾದ ಮೇಲೆ ದೀಪದ ತಪ್ಪು ಎದ್ದು ಕಾಣುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಉರಿಯುವುದು 6500 ಕೆಲ್ವಿನ್‌ನ ನೀಲಿ ಮಿಶ್ರಿತ ಬಿಳಿ ಬೆಳಕು, ಅದೂ ಗೋಡೆಯ ತುದಿಯಿಂದ. ಓದುವ ಮೇಜಿಗೆ ಸರಿ. ಸಂಜೆ ಕೂತು ಮಾತಾಡುವ ಕೋಣೆಗೆ 2700 ಅಥವಾ 3000 ಕೆಲ್ವಿನ್ ಇರಲಿ. ಎಲ್ಇಡಿ ಬಲ್ಬಿನ ಡಬ್ಬದ ಮೇಲೆಯೇ ಅಂಕಿ ಬರೆದಿರುತ್ತದೆ. ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಒಂದು ದೀಪ ಇಟ್ಟು ನೋಡಿ. ಇಷ್ಟಕ್ಕೆ ಇನ್ನೂರು ಮುನ್ನೂರು ರೂಪಾಯಿ ಸಾಕು.

ಪರದೆಯ ವಿಷಯಕ್ಕೆ ಬಂದರೆ ನನ್ನ ಮಾತು ಉದ್ದವಾಗುತ್ತದೆ. ಟ್ರಂಕಿನಲ್ಲಿ ಅವ್ವನ ಹಳೆಯ ಇಳಕಲ್ ಸೀರೆಯೊಂದಿತ್ತು. ಕಡುನೀಲಿ ಮೈ, ಕೆಂಪು ದಡಿ, ಸೆರಗಿಗೆ ಟೋಪ ತೆನಿ. ಆರು ಗಜದ ಸೀರೆ ಎಂದರೆ ಸುಮಾರು ಐದೂವರೆ ಮೀಟರ್. ನಡುವೆ ಕತ್ತರಿಸಿದರೆ ಎರಡೂಮುಕ್ಕಾಲು ಮೀಟರಿನ ಎರಡು ತುಂಡು. ಸೀರೆಯ ಪನ್ನ ಒಂದೂಕಾಲು ಮೀಟರಿಗೆ ತುಸು ಕಡಿಮೆ, ಎರಡೂ ಸೇರಿದರೆ ಎರಡೂಕಾಲು ಮೀಟರ್ ಅಗಲದ ಬಟ್ಟೆ. ನಾಲ್ಕಡಿ ಕಿಟಕಿಗೆ ನೆರಿಗೆ ನಿಲ್ಲಬೇಕಾದರೆ ಕಿಟಕಿಯ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಬೇಕು, ಇದು ಹೇಳಿ ಮಾಡಿಸಿದ ಅಳತೆ. ದಡಿ ಇರುವುದರಿಂದ ಬದಿ ಮಡಿಚಿ ಹೊಲಿಯುವ ಕೆಲಸವೂ ಇಲ್ಲ. ಮೇಲೆ ಸರಳು ತೂರಿಸಲು ಒಂದು ಮಡಿಕೆ, ಕೆಳಗೆ ಒಂದು ಮಡಿಕೆ. ಸೆರಗು ಒಂದೇ ತುಂಡಿಗೆ ಬರುತ್ತದೆ, ಬರಲಿ. ಅದನ್ನು ಕೆಳಗೆ ಬರುವಂತೆ ಹೊಲಿದು ಬೆಳಕು ಬರುವ ಕಡೆಗೆ ಹಾಕಿ. ಬೆಳಿಗ್ಗೆ ಎಂಟರ ಬಿಸಿಲಿನಲ್ಲಿ ಟೋಪ ತೆನಿಯ ಬಿಳಿ ಮೊನೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗುತ್ತವೆ. ಸರಳನ್ನು ಕಿಟಕಿಯ ಚೌಕಟ್ಟಿಗೆ ಹೊಡೆಯಬೇಡಿ. ಅದಕ್ಕಿಂತ ಒಂದಡಿ ಮೇಲೆ, ಅತ್ತಿತ್ತ ಅರ್ಧ ಅಡಿ ಹೊರಗೆ ಹೊಡೆದು ಪರದೆಯನ್ನು ನೆಲ ಮುಟ್ಟುವ ತನಕ ಬಿಡಿ. ಚಾವಣಿ ಎತ್ತರವಾದಂತೆ ಕಾಣುತ್ತದೆ, ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ.

ಕತ್ತರಿಸುವಷ್ಟು ಗಟ್ಟಿಯಿಲ್ಲದ, ನಡುನಡುವೆ ಜಾಳಾದ ಸೀರೆಗೆ ಕೌದಿಯೇ ದಾರಿ. ಹಾಸಿಗೆಯ ಮೇಲೆ ಹಳೆಯ ಕೌದಿಯೊಂದನ್ನು ಹರವಿದರೆ ಅಂಗಡಿಯ ಬೆಡ್ ಕವರ್ ನೆನಪಿಗೂ ಬರುವುದಿಲ್ಲ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯನ್ನು ಕೈಯಲ್ಲಿ ಹಿಡಿದು ನೋಡಿ: ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ನಿಲ್ಲುತ್ತದೆ, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು. ಮನೆಯಲ್ಲೇ ಮಾಡಹೊರಟವರು ಮೊದಲು ದಿಂಬಿನ ಗಾತ್ರದ್ದನ್ನು ಹೊಲಿದು ನೋಡಿ. ಹೊಲಿಸಿಕೊಳ್ಳುವವರು ಚೌಕಾಸಿ ಮಾಡಬೇಡಿ. ಒಂದು ಕೌದಿಯಲ್ಲಿ ಕೆಲವು ವಾರಗಳ ಕೈಕೆಲಸ ಇರುತ್ತದೆ.

ಗೋಡೆಯ ಸ್ಟಿಕರ್ ಬಗ್ಗೆಯೂ ಇದೇ ಮಾತು. ಸಾಗರದ ಸುತ್ತಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಆ ಗೆರೆಯ ನಕಲನ್ನು ಪ್ಲಾಸ್ಟಿಕ್‌ನಲ್ಲಿ ಅಂಟಿಸಿಕೊಳ್ಳುವುದಕ್ಕಿಂತ ಅವರ ಕೈಯಿಂದ ಬಂದ ಒಂದು ಚಿಕ್ಕ ಚಿತ್ತಾರ ಕೊಂಡು ಖಾಲಿ ಗೋಡೆಯ ನಡುವೆ ಒಂದನ್ನೇ ತೂಗುಹಾಕಿ. ಉಳಿದ ಗೋಡೆ ಖಾಲಿಯೇ ಇರಲಿ.

ಕೋಣೆಯಲ್ಲಿ ಸಾಗವಾನಿಯ ಹಳೆಯ ಕುರ್ಚಿಯೊಂದಿತ್ತು, ಕಪ್ಪು ಪಾಲಿಶ್ ಮೆತ್ತಿದ್ದು. 120 ನಂಬರಿನ ಮರಳುಕಾಗದದಿಂದ ಉಜ್ಜಿ, ಆಮೇಲೆ 220ರಿಂದ ನಯ ಮಾಡಿ, ಅಗಸೆ ಎಣ್ಣೆ ಸವರಿದೆ. ನಮ್ಮ ಕಡೆ ರೊಟ್ಟಿಗೆ ಅಗಸಿ ಚಟ್ನಿ ಮಾಡುತ್ತೇವಲ್ಲ, ಅದೇ ಅಗಸೆ. ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆ ಅದು. ಕೊಬ್ಬರಿ ಎಣ್ಣೆ ಹಾಗೆ ಒಣಗದು, ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ. ತೆಳ್ಳಗೆ ಸವರಿ, ಅರ್ಧ ಗಂಟೆ ಬಿಟ್ಟು ಒರೆಸಿ, ಕೆಲವು ದಿನ ನೆರಳಿನಲ್ಲಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ಮುದ್ದೆಯಾದ ಬಟ್ಟೆಗೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಿ ಬಯಲಲ್ಲಿ ಹರವಿ ಒಣಗಿಸಿ.

ಬಾಡಿಗೆ ಮನೆಯವರು ಗೋಡೆ ಕೆರೆಯುವಂತಿಲ್ಲ. ಅವರಿಗೆ ಬಲ್ಬು, ಸೀರೆ, ಕೌದಿ ಸಾಕು. ಮೂರನ್ನೂ ಮನೆ ಬಿಡುವಾಗ ಜೊತೆಗೆ ಒಯ್ಯಬಹುದು. ನನ್ನ ಕೋಣೆಗೆ ಸುಣ್ಣ, ಕಾವಿ, ಬಲ್ಬು, ಪರದೆಯ ಸರಳು, ಎಣ್ಣೆ, ಮರಳುಕಾಗದ, ದರ್ಜಿಯ ಕೂಲಿ ಎಲ್ಲ ಸೇರಿ ಖರ್ಚಾದದ್ದು 2,350 ರೂಪಾಯಿ. ಅದಾದ ಮೇಲೆ ಎರಡು ಮಳೆಗಾಲ ಕಳೆದಿವೆ. ಪಶ್ಚಿಮದ ಗೋಡೆ ಆಷಾಢದಲ್ಲಿ ತೇವದಿಂದ ತುಸು ಬೂದುಬಣ್ಣಕ್ಕೆ ತಿರುಗುತ್ತದೆ, ನವರಾತ್ರಿಯ ಹೊತ್ತಿಗೆ ಮತ್ತೆ ಬೆಳ್ಳಗಾಗುತ್ತದೆ. ಗುಳ್ಳೆ ಎದ್ದಿಲ್ಲ.

ಓದುಗರಲ್ಲಿ ಒಂದು ಬೇಡಿಕೆ ಇದೆ. ಹಬ್ಬದ ಮುಂಚೆ ಮನೆ ಹಸನು ಮಾಡುವಾಗ ಟ್ರಂಕಿನ ಹಳೆಯ ಸೀರೆಗಳು ಹೊರಬರುತ್ತವೆ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಅದೇ ಹೊತ್ತಿಗೆ ಓಣಿಗೆ ಬರುತ್ತಾರೆ. ಈ ಸಲ ಅವರಿಗೆ ಬೇರೇನಾದರೂ ಕೊಡಿ. ಅಜ್ಜಿಯ ಇಳಕಲ್ ಸೀರೆಯನ್ನು ಮಾತ್ರ ಕೊಡಬೇಡಿ.